ಎರಡನೆಯ ಉತ್ತರ

ಮೇ ೪

ಮಾನ್ಯರೇ,

ನಿಮ್ಮ ಏಪ್ರಿಲ್ ಇಪ್ಪತ್ತೆರಡರ ಪತ್ರ ತಲುಪಿತು. ನೀವು ನನ್ನ ಮಗಳೊಂದಿಗೆ ಆರು ವರ್ಷ ಒಂದೇ ಪ್ರಯೋಗಾಲಯದಲ್ಲಿ ದುಡಿದವರೆಂದೂ, ಜನವರಿಯಲ್ಲಿ ಅವಳು ತೀರಿಕೊಂಡ ಬಳಿಕ ಅವಳ ಪ್ರಯೋಗವನ್ನು ಮುಂದುವರಿಸುತ್ತಿರುವವರೆಂದೂ ಬರೆದಿದ್ದೀರಿ. ಅವಳು ಪ್ರಕಟಿಸಿದ ಫಲಿತಾಂಶ ನಿಮ್ಮ ಯಾರ ಕೈಯಲ್ಲಿಯೂ ಮರಳಿ ಬರುತ್ತಿಲ್ಲ. ಅವಳು ಅಂಕಿಗಳನ್ನು ತಿದ್ದಿರಬಹುದೆಂಬ ಅನುಮಾನದ ಮೇಲೆ ಸಂಸ್ಥೆಯು ವಿಚಾರಣಾ ಸಮಿತಿಯನ್ನು ನೇಮಿಸಿದೆ. ಆಗಸ್ಟ್ ಮೂವತ್ತೊಂದರೊಳಗೆ ಹೊರಗಿನ ಸಾಕ್ಷಿಯ ಎದುರು ಫಲಿತಾಂಶವನ್ನು ತೋರಿಸಲಾಗದಿದ್ದರೆ ಅವಳ ಪ್ರಬಂಧವನ್ನು ಹಿಂತೆಗೆದು, ಅವಳ ಹೆಸರಿನ ಮುಂದೆ ‘ನಂಬಲರ್ಹವಲ್ಲ’ ಎಂದು ದಾಖಲಿಸಲಾಗುವುದು. ಅವಳು ಮನೆಯಲ್ಲಿ ಟಿಪ್ಪಣಿ ಪುಸ್ತಕವನ್ನೇನಾದರೂ ಬಿಟ್ಟಿದ್ದಾಳೆಯೇ ಎಂಬುದು ನಿಮ್ಮ ಪ್ರಶ್ನೆ.

ಬಿಟ್ಟಿಲ್ಲ. ಎರಡು ವರ್ಷಗಳಿಂದ ಅವಳು ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಕೊನೆಯ ಐದು ದಿನ ನಾನು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕುಳಿತಿದ್ದೆ. ಆದರೆ ಆ ಐದು ದಿನವೂ ಜ್ವರದಲ್ಲಿ ಅವಳಿಗೆ ಪ್ರಜ್ಞೆಯಿರಲಿಲ್ಲವಾದ್ದರಿಂದ ಅದನ್ನು ಭೇಟಿಯೆಂದು ಕರೆಯಲಾರೆ.

ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರಿವೀಕ್ಷಕನಾಗಿದ್ದವನು. ತಕ್ಕಡಿ ಸುಳ್ಳು ಹೇಳಿದಾಗ ಅಂಗಡಿ ಯಾರದೆಂದು ಕೇಳಿದವನಲ್ಲ. ನನ್ನ ಮಗಳ ಫಲಿತಾಂಶ ಸುಳ್ಳಾಗಿದ್ದರೆ ಅದು ಬೀಳಬೇಕು. ನಿಜವಾಗಿದ್ದರೆ ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಎರಡಕ್ಕೂ ನನ್ನ ನೆರವು ಅನಗತ್ಯ.

ಇಂತಿ,
ಅವಳ ತಂದೆ

&nbsp;

ಮೇ ೧೫

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇದನ್ನು ಬರೆಯದೆ ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಇಲ್ಲಿ ಎಲ್ಲರೂ ನನ್ನನ್ನು ಗುಬ್ಬಿ ಎನ್ನುತ್ತಾರೆ. ಆ ಹೆಸರಿಟ್ಟವಳು ನಿಮ್ಮ ಮಗಳೇ. ‘ನೀನು ಬಾಯಿ ಮುಚ್ಚಿದ ದಿನ ಡಾಕ್ಟರನ್ನ ಕರೀಬೇಕು’ ಅನ್ನುತ್ತಿದ್ದಳು.

ಸಮಿತಿಯ ದೋಷಾರೋಪದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ನಾಲ್ಕನೆಯ ಪುಟ ನೋಡಿ. ಎರಡು ವರ್ಷದ ಹಿಂದೆ ನೀವು ಪತ್ರಿಕೆಗೆ ಬರೆದ ಲೇಖನದ ಸಾಲುಗಳನ್ನು ಅಲ್ಲಿ ಎತ್ತಿ ಹಾಕಿದ್ದಾರೆ. ‘ಒಂದೇ ಪ್ರಶ್ನೆಗೆ ಎರಡು ಸಲ ಎರಡು ಉತ್ತರ ಕೊಡುವುದು ಉಪಕರಣವಲ್ಲ, ಜ್ಯೋತಿಷಿ.’ ಅದರ ಕೆಳಗೆ ಸಮಿತಿಯ ಮಾತು: ‘ಸಂಶೋಧಕಿಯ ಸ್ವಂತ ತಂದೆ, ಅಳತೆಯ ಶಾಸ್ತ್ರದಲ್ಲಿ ಪಳಗಿದವರು, ಮೊದಲೇ ಅನುಮಾನ ವ್ಯಕ್ತಪಡಿಸಿದ್ದರು.’

ನಿಮ್ಮ ನೆರವು ಅನಗತ್ಯ ಎಂದಿರಿ. ಆದರೆ ನಿಮ್ಮ ನೆರವು ಆಗಲೇ ಬಂದು ಕೂತಿದೆ, ಆಚೆ ಕಡೆ.

ನಾವು ಮಾಡುವುದೇನೆಂದು ನೀವು ಒಮ್ಮೆಯೂ ಕಣ್ಣಾರೆ ನೋಡಿಲ್ಲ ಎಂದು ಅವಳು ಹೇಳುತ್ತಿದ್ದಳು. ಆದ್ದರಿಂದ ನಾಲ್ಕು ಸಾಲಿನಲ್ಲಿ ಹೇಳುತ್ತೇನೆ. ಒಂದು ಅಗಲವಾದ ತಟ್ಟೆ. ಅದರಲ್ಲಿ ಒದ್ದೆ ಮರದ ಹೊಟ್ಟು. ಹೊಟ್ಟಿನ ತುಂಬ ಅಣಬೆಯ ಎಳೆಗಳು, ಕೂದಲಿಗಿಂತ ಎಷ್ಟೋ ಪಾಲು ತೆಳುವಾದವು, ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗಿವೆ. ಆ ಎಳೆಗಳಲ್ಲಿ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಓಡಾಡುತ್ತವೆ. ಚಾಪೆಗೆ ಅರವತ್ತನಾಲ್ಕು ಸೂಜಿ ಚುಚ್ಚಿ, ಓಡುವ ಮೋಟಾರಿನ ಸದ್ದನ್ನು ಮಿಡಿತವಾಗಿ ಬದಲಿಸಿ ಕೆಲವು ಸೂಜಿಗಳಿಂದ ಒಳಗೆ ಕಳಿಸುತ್ತೇವೆ. ಅದು ಚಾಪೆಯ ಉದ್ದಗಲಕ್ಕೂ ಹರಡಿ, ತಿರುಗಿ, ಬೆರೆತು ಬೇರೆ ಸೂಜಿಗಳಲ್ಲಿ ಹೊರಗೆ ಬರುತ್ತದೆ. ಹೊರಗೆ ಬಂದುದನ್ನು ನೋಡಿದರೆ ಆ ಮೋಟಾರಿನ ಬೇರಿಂಗ್ ಗಟ್ಟಿಯಾಗಿದೆಯೋ ಕೆಡಲಿದೆಯೋ ಹೇಳಬಹುದು. ನೂರು ಸದ್ದಿಗೆ ತೊಂಬತ್ತೊಂದು ಸರಿ ಉತ್ತರ: ಅದು ಅವಳ ಫಲಿತಾಂಶ. ಇಷ್ಟಕ್ಕೂ ಬೇಕಾದ ವಿದ್ಯುತ್ತು ಒಂದು ಕೈಗಡಿಯಾರದ್ದು. ನಮ್ಮ ಕೈಯಲ್ಲಿ ಈಗ ಬರುತ್ತಿರುವುದು ಐವತ್ತೆರಡು, ಐವತ್ತು, ನಲವತ್ತೊಂಬತ್ತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ಅದೇ ತಟ್ಟೆ, ಅದೇ ಸೂಜಿ, ಅವಳು ಬರೆದಿಟ್ಟ ವಿಧಾನದ ಒಂದಕ್ಷರವನ್ನೂ ನಾವು ಬಿಟ್ಟಿಲ್ಲ. ಆದರೂ ಅವಳು ಹೋದ ಮೇಲೆ ಅದು ಯಾರೊಂದಿಗೂ ಮಾತಾಡುತ್ತಿಲ್ಲ.

ವಂದನೆಗಳೊಂದಿಗೆ,
ಗುಬ್ಬಿ

&nbsp;

ಜೂನ್ ೨

ಮಾನ್ಯರೇ,

ಉತ್ತರ ತಡವಾಯಿತು. ಕಾರಣ ಹೇಳುವುದು ಕರ್ತವ್ಯವಾದ್ದರಿಂದ ಹೇಳುತ್ತೇನೆ: ನಾಲ್ಕನೆಯ ಪುಟವನ್ನು ನನ್ನ ಹೆಂಡತಿ ನನಗಿಂತ ಮೊದಲು ಓದಿದಳು.

ನಮ್ಮದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಅಡಗಿ ಕೂರುವುದಕ್ಕೆ ಜಾಗವಿಲ್ಲ. ಅವಳು ಕಾಗದವನ್ನು ಮಡಿಸಿ ನನ್ನ ಮುಂದಿಟ್ಟು ಕೇಳಿದಳು.

“ಅವಳು ಸುಳ್ಳು ಹೇಳಿದಾಳೆ ಅಂತ ನಿಮಗೂ ಅನ್ಸುತ್ತಾ?”

“ಪುರಾವೆ ನೋಡದೆ ನಾನು ಏನೂ ಹೇಳಲ್ಲ” ಎಂದೆ.

“ಲೇಖನ ಬರೆಯುವಾಗ ಯಾವ ಪುರಾವೆ ನೋಡಿದ್ರಿ? ಒಂದ್ಸಲ ಬಂದು ನೋಡಪ್ಪಾ ಅಂತ ಅವಳು ಎಷ್ಟು ಕರೆದ್ಲು. ಹೋದ್ರಾ?”

ಕಾಲೇಜಿನ ದಿನಗಳಲ್ಲಿ ನಾನು ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಮೊದಲ ಬಹುಮಾನ ಪಡೆದವನು. ಎದುರಾಳಿಯ ವಾದದಲ್ಲಿ ಬಿರುಕು ಕಾಣದೆ ಹೋದ ಸಂದರ್ಭಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಇದೀಗ ಇನ್ನೊಂದು ಬೆರಳು ಬೇಕಾಯಿತು.

ಆದ್ದರಿಂದ ಪರಿಶೀಲನೆಯ ಕ್ರಮದಲ್ಲಿ ಕೆಳಗಿನವನ್ನು ಕೇಳುತ್ತಿದ್ದೇನೆ. ಇದನ್ನು ಪಕ್ಷಪಾತವೆಂದು ಭಾವಿಸಬೇಡಿ. ಕೆಟ್ಟ ತಕ್ಕಡಿಯನ್ನು ಕಂಡಾಗ ತಕ್ಕಡಿ ಕೆಟ್ಟಿದೆಯೋ ತೂಗುವ ಕ್ರಮ ಕೆಟ್ಟಿದೆಯೋ ಎಂದು ಮೊದಲು ಬೇರ್ಪಡಿಸುವುದು ನಮ್ಮ ಇಲಾಖೆಯ ಪದ್ಧತಿ. ತಟ್ಟೆಯ ಮುಚ್ಚಳವನ್ನು ಎಷ್ಟು ಹೊತ್ತು ತೆರೆದಿಡುತ್ತೀರಿ? ಏಕೆ ತೆರೆಯುತ್ತೀರಿ? ಗಾಳಿ ಯಾವ ದಿಕ್ಕಿನಿಂದ ಬರುತ್ತದೆ? ತೆರೆದಾಗ ಕೋಣೆಯಲ್ಲಿ ಎಷ್ಟು ಜನರಿರುತ್ತಾರೆ, ಎಷ್ಟು ದೂರದಲ್ಲಿ? ನನ್ನ ಮಗಳು ಯಾವ ಕೈಯಲ್ಲಿ ಏನು ಹಿಡಿಯುತ್ತಿದ್ದಳು, ಎಲ್ಲಿ ನಿಲ್ಲುತ್ತಿದ್ದಳು, ಆಗ ಏನು ಮಾತಾಡುತ್ತಿದ್ದಳು? ಅವಳ ವಿಧಾನದಲ್ಲಿ ಬರೆದಿರುವುದನ್ನು ನೀವು ನೋಡಿದ್ದೀರಿ. ಬರೆಯದೆ ಇದ್ದುದನ್ನು ನನಗೆ ತಿಳಿಸಿ.

ಇಂತಿ,
ಅವಳ ತಂದೆ

&nbsp;

ಜೂನ್ ೧೪

ಸರ್,

ನಿಮ್ಮ ಪ್ರಶ್ನೆಗಳನ್ನು ಓದಿ ನನಗೆ ನಗು ಬಂತು, ಕೋಪಿಸಿಕೊಳ್ಳಬೇಡಿ. ಅವಳೂ ಹೀಗೇ ಕೇಳುತ್ತಿದ್ದಳು. ಒಬ್ಬ ವಿದ್ಯಾರ್ಥಿ ಲೋಟ ಒಡೆದರೆ ‘ಯಾವ ಎತ್ತರದಿಂದ?’ ಎಂದು ವಿಚಾರಿಸುವವಳು. ಇಲ್ಲಿ ಅವಳ ಅಡ್ಡಹೆಸರು ಏನಿತ್ತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ತಕ್ಕಡಿ.

ಮುಚ್ಚಳ ತೆರೆಯುವುದು ಪ್ರತಿ ಸದ್ದಿಗೂ ಮೊದಲು, ಸೂಜಿಯ ಬುಡಗಳಿಗೆ ಒಂದೊಂದು ಹನಿ ನೀರು ಬಿಡುವುದಕ್ಕೆ. ನಲವತ್ತು ಸೆಕೆಂಡಿನ ಕೆಲಸ. ಫ್ಯಾನ್ ಆರಿಸಿರುತ್ತೇವೆ, ಕಿಟಕಿ ಮುಚ್ಚಿರುತ್ತೇವೆ. ಒಬ್ಬರೇ ಬಾಗಿ ಹನಿ ಬಿಡುತ್ತೇವೆ. ಸೂಜಿಗಳು ಬಹಳ ಸಣ್ಣವಾದ್ದರಿಂದ ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತರಬೇಕು. ಅವಳು ಬಲಗೈಯಲ್ಲಿ ಹನಿ ಬಿಡುವ ಪಿಪೆಟ್ ಹಿಡಿದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಏನು ಮಾತಾಡುತ್ತಿದ್ದಳು ಎಂದು ಕೇಳಿದ್ದೀರಿ. ಏನೂ ಇಲ್ಲ. ನಾನು ಪಕ್ಕದ ಮೇಜಿನಿಂದ ವಟಗುಟ್ಟುತ್ತಲೇ ಇರುತ್ತಿದ್ದೆ, ಮುಚ್ಚಳ ತೆರೆದಿರುವಷ್ಟು ಹೊತ್ತು ‘ಹ್ಞೂಂ’ ಅಂತಲೂ ಅನ್ನುತ್ತಿರಲಿಲ್ಲ. ಮುಚ್ಚಿದ ಮೇಲೆ ದೊಡ್ಡದಾಗಿ ಉಸ್ಸೆಂದು, ಆಮೇಲೆ, ‘ಈಗ ಹೇಳು, ಏನಂದೆ?’ ಮೊದಮೊದಲು ಗರ್ವ ಅಂದುಕೊಂಡಿದ್ದೆವು. ನಾನು ಒಮ್ಮೆ ಕೇಳಿಯೂ ಕೇಳಿದೆ: ‘ಅದೇನೇ, ದೇವರ ಪೂಜೆನಾ?’ ಅವಳು, ‘ಅಲ್ಲ, ನಮ್ಮನೆ ಅಭ್ಯಾಸ’ ಅಂದಳು. ಅಷ್ಟೇ.

ಇದರಿಂದ ನಿಮಗೇನೂ ಪ್ರಯೋಜನವಿಲ್ಲವೇನೋ.

ಗುಬ್ಬಿ

&nbsp;

ಜೂನ್ ೧೭

ಮಾನ್ಯರೇ,

ನಿಮ್ಮ ಪತ್ರ ಇಂದು ಬೆಳಿಗ್ಗೆ ಬಂತು. ಮಧ್ಯಾಹ್ನದ ಅಂಚೆಗೆ ಇದನ್ನು ಹಾಕುತ್ತಿದ್ದೇನೆ.

ನಮ್ಮ ಇಲಾಖೆಯಲ್ಲಿ ಚಿನ್ನ ತೂಗುವ ತೂಕದ ಬಟ್ಟುಗಳನ್ನು ಪರೀಕ್ಷಿಸುವ ಸೂಕ್ಷ್ಮ ತಕ್ಕಡಿಯೊಂದಿತ್ತು. ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಪೆಟ್ಟಿಗೆಯ ಬಾಗಿಲೆತ್ತಿ ಬಟ್ಟನ್ನು ಚಿಮಟದಿಂದ ಇಡುವಾಗ ಎದುರಿಗಿರುವವನ ಉಸಿರು ತಗುಲಿದರೂ ಮುಳ್ಳು ಓಲಾಡುತ್ತದೆ. ಆದುದರಿಂದ ನಾವು ಉಸಿರು ಹಿಡಿಯುತ್ತೇವೆ. ಎಡಗೈ ಮೇಜಿಗೆ ತಾಗಿ ಅದುರಬಾರದೆಂದು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇವೆ. ಇದು ಯಾವ ಕೈಪಿಡಿಯಲ್ಲೂ ಇಲ್ಲ. ಹಿರಿಯರು ಕಿರಿಯರ ಬೆನ್ನಿಗೊಂದು ತಟ್ಟಿ ಕಲಿಸುವುದು.

ಅವಳಿಗೆ ಏಳು ವರ್ಷ. ಶಾಲೆಗೆ ರಜೆಯಿದ್ದ ದಿನ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದೆ. ಸ್ಟೂಲಿನ ಮೇಲೆ ನಿಲ್ಲಿಸಿ ಚಿಮಟ ಕೊಟ್ಟೆ. ‘ಉಸಿರು ಬಿಟ್ಟರೆ ತಕ್ಕಡಿ ಸುಳ್ಳು ಹೇಳುತ್ತೆ’ ಎಂದೆ. ಕೆನ್ನೆ ಕೆಂಪಾಗುವವರೆಗೂ ತಡೆದುಕೊಂಡಳು. ಅವಳು ಅದನ್ನು ವಿಧಾನದಲ್ಲಿ ಬರೆಯಲಿಲ್ಲ, ಏಕೆಂದರೆ ಅವಳ ಪಾಲಿಗೆ ಅದು ವಿಧಾನವಾಗಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದೆನೆಂದು ಯಾರೂ ಬರೆದಿಡುವುದಿಲ್ಲ.

ಅಣಬೆ ಗಾಳಿಯನ್ನು ಸೇವಿಸುವ ಜೀವಿ. ನಾವು ಹೊರಬಿಡುವ ಗಾಳಿ ಅದಕ್ಕೆ ಏನು ಮಾಡುತ್ತದೆಂದು ನನಗೆ ತಿಳಿಯದು, ನೀವು ಬಲ್ಲಿರಿ. ನನಗೆ ತಿಳಿದಿರುವುದಿಷ್ಟು: ನೂರು ಸದ್ದಿಗೆ ನೂರು ಸಲ, ಒಂದು ಗೇಣು ದೂರದಿಂದ, ನಲವತ್ತು ಸೆಕೆಂಡು ನೀವೆಲ್ಲರೂ ಅದರ ಮೇಲೆ ಉಸಿರಾಡಿದ್ದೀರಿ. ಅವಳು ಒಮ್ಮೆಯೂ ಉಸಿರಾಡಿಲ್ಲ.

ಹಾಗೆ ಮಾಡಿ ನೋಡಿ. ಫಲಿತಾಂಶ ಏನೇ ಬಂದರೂ ಯಥಾವತ್ತಾಗಿ ತಿಳಿಸಿ. ನನ್ನನ್ನು ಸಮಾಧಾನಪಡಿಸುವುದಕ್ಕಾಗಿ ಒಂದಂಕಿಯನ್ನೂ ಮೇಲೆತ್ತಬೇಡಿ.

ಇಂತಿ,
ಅವಳ ತಂದೆ

&nbsp;

ಜೂನ್ ೨೯

ಸರ್,

ಎಂಬತ್ತೊಂಬತ್ತು.

ಒಂಬತ್ತು ದಿನ, ಮೂವರು ಬೇರೆ ಬೇರೆ ಜನ. ಮೊದಲ ಸರದಿಯಲ್ಲಿ ನಾನು ಮಧ್ಯದಲ್ಲಿ ಮಾತಾಡಿಬಿಟ್ಟೆ, ಅದನ್ನು ಕೈಬಿಟ್ಟು ಮತ್ತೆ ಶುರು ಮಾಡಿದೆವು. ಎರಡನೆಯದರಲ್ಲಿ ಎಂಬತ್ತಾರು. ಮೂರನೆಯದರಲ್ಲಿ ಎಂಬತ್ತೊಂಬತ್ತು. ನಮ್ಮ ಉಸಿರಿನ ಗಾಳಿ ತಗುಲಿದರೆ ಎಳೆಗಳ ಮಿಡಿತ ಮಂಕಾಗಿ, ಮತ್ತೆ ಹದಕ್ಕೆ ಬರುವುದಕ್ಕೆ ಕಾಲು ಗಂಟೆ ಬೇಕು. ನಾವು ಐದೈದು ನಿಮಿಷಕ್ಕೊಮ್ಮೆ ಮುಚ್ಚಳ ತೆರೆಯುತ್ತಿದ್ದೆವು. ಐದು ತಿಂಗಳು ಅದರ ಕಿವಿಗೆ ಹತ್ತಿ ತುರುಕಿ, ಯಾಕೆ ಕೇಳಿಸಿಕೊಳ್ಳುವುದಿಲ್ಲ ಎಂದು ಬೈದಿದ್ದೇವೆ.

ಸಮಿತಿಗೆ ಹೊರಗಿನ ಸಾಕ್ಷಿ ಬೇಕು. ಆಗಸ್ಟ್ ಮೊದಲ ವಾರ ಪರೀಕ್ಷೆ. ಅದಕ್ಕೆ ಮೊದಲು ನೀವೊಮ್ಮೆ ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ವಾದ ಮಾಡಬೇಡಿ.

ಗುಬ್ಬಿ

&nbsp;

ಜುಲೈ ೨೦

ಗುಬ್ಬಿಯವರಿಗೆ,

ಈ ಸಂಬೋಧನೆ ನನ್ನ ಹೆಂಡತಿಯ ಆದೇಶ. “ಆ ಹುಡುಗಿ ಬಸ್ ಸ್ಟ್ಯಾಂಡ್‌ವರೆಗೂ ಬಂದು ಸೀಟು ಹಿಡಿದು ಕೊಟ್ಲು, ಇನ್ನೂ ಮಾನ್ಯರೇ ಅಂದ್ರೆ ಚೆನ್ನಾಗಿರಲ್ಲ” ಎಂದಳು.

ಅಂದು ನಿಮ್ಮ ಕೋಣೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಅದನ್ನು ಅತೃಪ್ತಿಯೆಂದು ನೀವು ತಿಳಿದಿರಬಹುದಾದ್ದರಿಂದ ಲಿಖಿತವಾಗಿ ಸ್ಪಷ್ಟಪಡಿಸುತ್ತೇನೆ.

ಯಂತ್ರವನ್ನು ನಿರೀಕ್ಷಿಸಿ ಬಂದಿದ್ದೆ. ನೀವು ಮುಚ್ಚಳ ಸರಿಸಿದಾಗ ಕಂಡದ್ದು ಹಳೆಯ ಕಂಬಳಿಯ ಒಳಮೈಯಂಥ ಬಿಳುಪು. ಆಗತಾನೇ ಕೊಯ್ದ ಮರದ ವಾಸನೆ. ಸದ್ದಿಲ್ಲ, ತಿರುಗುವ ಚಕ್ರವಿಲ್ಲ, ಬಿಸಿಯೂ ಇಲ್ಲ. ನೀವು ಒಂದು ಲಿಫ್ಟಿನ ಮೋಟಾರಿನ ಸದ್ದನ್ನು ನನಗೆ ಕೇಳಿಸಿದಿರಿ. ಒಳ್ಳೆಯ ಬೇರಿಂಗ್ ಎಂದು ನಾನು ತೀರ್ಪು ಕೊಟ್ಟೆ. ಅದೇ ಸದ್ದನ್ನು ತಟ್ಟೆಗೆ ಕೇಳಿಸಿದಿರಿ. ಪರದೆಯ ಮೇಲೆ ಅರವತ್ತನಾಲ್ಕು ಗೆರೆಗಳು ಮೊದಲು ಒಂದೊಂದಾಗಿ ಎದ್ದವು, ಆಮೇಲೆ ಒಂದರ ಬೆನ್ನಿಗೊಂದು, ಕತ್ತಲೆಯಲ್ಲಿ ಒಂದು ಮನೆಯ ದೀಪ ಹತ್ತಿದ್ದನ್ನು ಕಂಡು ಬೀದಿಯ ಉಳಿದ ಮನೆಗಳವರು ಎಚ್ಚರಾಗುವಂತೆ. ಹನ್ನೊಂದು ಸೆಕೆಂಡು. ‘ಕೆಡಲಿದೆ’ ಎಂದು ಅದು ಹೇಳಿತು. ಆ ಬೇರಿಂಗ್ ಮೂರು ವಾರದ ನಂತರ ಮುರಿಯಿತೆಂದು ನೀವು ದಾಖಲೆ ತೋರಿಸಿದಿರಿ.

ಮೂವತ್ತೊಂದು ವರ್ಷ ಅಳೆದವನು ನಾನು. ಕಲ್ಲು, ಕಬ್ಬಿಣ, ಹಿತ್ತಾಳೆಗಳೇ ನಂಬಿಕೆಗೆ ಅರ್ಹವೆಂದು ತಿಳಿದಿದ್ದೆ. ಕೊಳೆಯುವ ಹೊಟ್ಟನ್ನು ತಿಂದು ಬದುಕುವ ಈ ಎಳೆಗಳು ನನ್ನ ಕಿವಿಗೆ ಕೇಳಿಸದ್ದನ್ನು ಕೇಳಿಸಿಕೊಂಡವು. ಅವುಗಳಿಗೆ ಮಿದುಳಿಲ್ಲ, ಹೆಸರಿಲ್ಲ. ಎಲ್ಲಿಯೂ ಒಂದು ಕೇಂದ್ರವಿಲ್ಲ, ಆದರೂ ಒಂದು ನಿರ್ಧಾರವಿತ್ತು. ಇಂಥದನ್ನು ಗೋಡೆಯ ಹಲಗೆಯಾಗಿ, ಸೇತುವೆಯ ತೊಲೆಯಾಗಿ ಬೆಳೆಸುವ ಕಾಲ ಬರುತ್ತದೆ, ತೊಲೆಯೇ ತನ್ನ ಬಿರುಕನ್ನು ಅರಿತು ಹೇಳುತ್ತದೆ, ಕೆಲಸ ಮುಗಿದ ಮೇಲೆ ಮಣ್ಣಿಗೆ ಮರಳುತ್ತದೆ ಎಂದಿರಿ. ಎರಡು ವರ್ಷದ ಹಿಂದೆ ಈ ಮಾತನ್ನೇ ಅವಳು ಊಟದ ಮೇಜಿನ ಎದುರು ಹೇಳಿದ್ದಳು. ನಾನು ಮೂರು ಅಂಶಗಳಲ್ಲಿ ಖಂಡಿಸಿದ್ದೆ. ಮೂರೂ ಬಲವಾದ ಅಂಶಗಳೇ.

ನನ್ನ ಹೆಂಡತಿ ನಿಮ್ಮೊಂದಿಗೆ ಆಡಿದ ಮಾತು ನನ್ನ ಕಿವಿಗೂ ಬಿತ್ತು.

“ಇದಕ್ಕೆ ಹಸಿವಾಗುತ್ತಾ?”

“ಆಗುತ್ತಮ್ಮಾ. ವಾರಕ್ಕೊಂದ್ಸಲ ಹೊಟ್ಟು ಹಾಕ್ತೀವಿ.”

“ಅವಳು? ಹೊತ್ತಿಗೆ ಸರಿಯಾಗಿ ಉಣ್ತಿದ್ಲಾ?”

ನೀವು ತಟ್ಟೆಯ ಮುಚ್ಚಳವನ್ನು ಒಮ್ಮೆ ಸರಿಪಡಿಸಿದಿರಿ. ಆಮೇಲೆ, “ತಟ್ಟೆಗೆ ಹಾಕಿದ ದಿನ ತಪ್ಪದೆ ಉಣ್ತಿದ್ಲು, ಅಮ್ಮ” ಎಂದಿರಿ. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಆರು ತಿಂಗಳಲ್ಲಿ ಕಂಡಿರಲಿಲ್ಲ. ಆ ಉತ್ತರದ ಸತ್ಯಾಸತ್ಯವನ್ನು ನಾನು ಪರಿಶೀಲಿಸುವುದಿಲ್ಲ. ನನ್ನ ಸೇವಾವಧಿಯಲ್ಲಿ ಇಂಥ ರಿಯಾಯಿತಿ ಇದೇ ಮೊದಲು.

ಪರೀಕ್ಷೆಯ ದಿನ ನಾನು ಬರುವುದಿಲ್ಲ. ತಂದೆ ಸಾಕ್ಷಿಯಾಗಲಾರ. ನಾನು ಆ ಕಟ್ಟಡದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೂ ಸಮಿತಿಗೆ ಒಂದು ನೆಪ ಸಿಕ್ಕೀತು.

ಇಂತಿ,
ಅವಳ ತಂದೆ

&nbsp;

ಆಗಸ್ಟ್ ೧೨

ಸರ್,

ಒಳ್ಳೆಯದೋ ಕೆಟ್ಟದ್ದೋ ನನಗೇ ತಿಳಿಯುತ್ತಿಲ್ಲ. ಹೇಗಾಯಿತೋ ಹಾಗೇ ಬರೆಯುತ್ತೇನೆ.

ಸಾಕ್ಷಿಯಾಗಿ ಬಂದವರು ಗಡಿಯಾರ ಕಾರ್ಖಾನೆಯ ಪರೀಕ್ಷಕಿ. ನಗು ಗೊತ್ತಿಲ್ಲದ ಹೆಂಗಸು, ನಿಮಗೆ ಇಷ್ಟವಾಗುತ್ತಿದ್ದರು. ನಮ್ಮನ್ನೆಲ್ಲ ಕೋಣೆಯಿಂದ ಹೊರಗೆ ಕಳಿಸಿ, ತಾವೇ ಉಸಿರು ಹಿಡಿದು, ನೂರು ಸದ್ದನ್ನೂ ತಾವೇ ಕೇಳಿಸಿದರು. ತೊಂಬತ್ತೇಳು.

ಅವಳದಕ್ಕಿಂತ ಆರು ಹೆಚ್ಚು. ನಾನು ಕುಣಿದಾಡಿದೆ. ಸಮಿತಿಯ ಅಧ್ಯಕ್ಷರು ಕಾಗದ ತಿರುವಿ ಹೇಳಿದರು: “ಇದು ಅವರ ಫಲಿತಾಂಶ ಅಲ್ವಲ್ಲ. ಬೇರೆ ಫಲಿತಾಂಶ.” ನಿಜವೇ. ಅವಳ ಕಾಲದಲ್ಲಿ ಉತ್ತರ ಹೊರಬರುತ್ತಿದ್ದುದು ತಟ್ಟೆಯ ಅಂಚಿನ ಸೂಜಿಗಳಲ್ಲಿ. ಈಗ ನಡುವಿನ ಸೂಜಿಗಳಲ್ಲಿ. ಅಂದು ತಪ್ಪಿದ್ದ ಒಂಬತ್ತೂ ಇಂದು ಸರಿ, ಅಂದು ಸರಿಯಿದ್ದ ಮೂರು ಇಂದು ತಪ್ಪು. ‘ಒಂದೇ ಪ್ರಶ್ನೆಗೆ ಎರಡು ಉತ್ತರ’ ಎಂದು ಮತ್ತೆ ನಿಮ್ಮ ಸಾಲನ್ನೇ ಓದಿದರು.

ಆದರೆ ಸರ್, ಯಾಕೆ ಹೀಗಾಯಿತೆಂದು ನಿಮಗೆ ಹೇಳಲೇಬೇಕು. ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದೆ. ನಾವು ಅದರ ಮೇಲೆ ಉಸಿರು ಬಿಡುತ್ತಾ, ಐವತ್ತು, ನಲವತ್ತೊಂಬತ್ತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದ ಆ ಐದು ತಿಂಗಳೂ ಸದ್ದುಗಳನ್ನು ಕೇಳಿಸುವುದನ್ನು ಬಿಟ್ಟಿರಲಿಲ್ಲ. ಆ ಮಬ್ಬಿನಲ್ಲೇ ಅದು ಕೇಳಿಸಿಕೊಳ್ಳುತ್ತಿತ್ತು. ಹಳೆಯ ದಾರಿ ಮಂಕಾದುದಕ್ಕೆ ಹೊಸ ಎಳೆ ಚಾಚಿ, ನಮ್ಮ ಉಸಿರು ಕಡಿಮೆ ತಗಲುವ ಆಳದಲ್ಲಿ ಬೇರೆ ದಾರಿ ಹೆಣೆದುಕೊಂಡಿದೆ. ನಾವು ತಪ್ಪು ಮಾಡುತ್ತಿದ್ದ ಅಷ್ಟು ಕಾಲವೂ ಅದು ಕಲಿಯುತ್ತಿತ್ತು.

ಸಮಿತಿ ಇಪ್ಪತ್ತೆಂಟಕ್ಕೆ ಕೊನೆಯ ಬಾರಿ ಸೇರುತ್ತದೆ. ಲಿಖಿತ ಹೇಳಿಕೆಗೆ ಅವಕಾಶವಿದೆ. ನಾನು ಬರೆದರೆ ಗುಬ್ಬಿಯ ಚಿಲಿಪಿಲಿ ಎನ್ನುತ್ತಾರೆ.

ಗುಬ್ಬಿ

&nbsp;

ಆಗಸ್ಟ್ ೧೬

ವಿಚಾರಣಾ ಸಮಿತಿಯ ಅಧ್ಯಕ್ಷರಿಗೆ
(ಪ್ರತಿ: ಗುಬ್ಬಿಯವರಿಗೆ)

ಮಾನ್ಯ ಅಧ್ಯಕ್ಷರೇ,

ತಾವು ದೋಷಾರೋಪದಲ್ಲಿ ಉಲ್ಲೇಖಿಸಿರುವ ಲೇಖನವನ್ನು ಬರೆದವನು ನಾನು. ನಾನು ಸಾಕ್ಷಿಯಲ್ಲ, ಮೃತಳ ತಂದೆ. ನನ್ನ ಭಾವನೆಗಳಿಗೆ ತಾವು ಯಾವ ಬೆಲೆಯನ್ನೂ ಕೊಡಬೇಕಾಗಿಲ್ಲ. ಆದರೆ ತಾವು ನನ್ನ ವಾದವನ್ನು ಬಳಸಿರುವುದರಿಂದ ಅದರ ದೋಷವನ್ನು ತೋರಿಸುವ ಹಕ್ಕು ನನಗಿದೆ.

ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವುದು ಉಪಕರಣವಲ್ಲ ಎಂದು ಬರೆದೆ. ಆ ವಾಕ್ಯ ಕೇಳುವುದಕ್ಕೆ ಚೆನ್ನಾಗಿದೆ, ಆದ್ದರಿಂದಲೇ ನಾನು ಅದನ್ನು ಪರೀಕ್ಷಿಸಲಿಲ್ಲ. ನನ್ನ ಸೇವಾವಧಿಯಲ್ಲಿ ನಾನು ಮುಟ್ಟುಗೋಲು ಹಾಕಿಕೊಂಡ ತಕ್ಕಡಿಗಳಲ್ಲಿ ಓಲಾಡುವ ಮುಳ್ಳಿನವು ಕಡಿಮೆ, ಸಿಕ್ಕಿಕೊಂಡ ಮುಳ್ಳಿನವು ಹೆಚ್ಚು. ಸಿಕ್ಕಿಕೊಂಡ ಮುಳ್ಳು ಎಷ್ಟು ಸಲ ಕೇಳಿದರೂ ಒಂದೇ ಉತ್ತರ ಕೊಡುತ್ತದೆ. ಅಂಗಡಿಯವನು ಹೆಮ್ಮೆಯಿಂದ ಹೇಳುತ್ತಾನೆ, ‘ನೋಡಿ ಸಾರ್, ಅಲ್ಲಾಡೋದೇ ಇಲ್ಲ.’ ಇದು ನನಗೆ ತಿಳಿದಿತ್ತು. ಬರೆಯುವಾಗ ಮರೆತೆ. ಏಕೆಂದರೆ ಎದುರಾಳಿ ನನ್ನ ಮಗಳಾಗಿದ್ದಳು ಮತ್ತು ನಾನು ಗೆಲ್ಲಬೇಕಾಗಿತ್ತು.

ಹಿತ್ತಾಳೆಯ ಬಟ್ಟು ನಿನ್ನೆಯಂತೆಯೇ ಇಂದೂ ಇರಬೇಕು, ಏಕೆಂದರೆ ಅದಕ್ಕೆ ಬದಲಾಗಲು ಇರುವುದು ಒಂದೇ ದಾರಿ: ಸವೆಯುವುದು. ನಮ್ಮ ಇಷ್ಟು ದಿನದ ಅಳತೆಯ ಶಾಸ್ತ್ರವೆಲ್ಲ ಸವೆಯುವ ವಸ್ತುಗಳ ಶಾಸ್ತ್ರ. ತಮ್ಮ ಮುಂದಿರುವುದು ಬೆಳೆಯುವ ವಸ್ತು. ಅದರ ಬಗ್ಗೆ ನನ್ನ ಮಗಳು ಹೇಳಿದ್ದು ತೊಂಬತ್ತೊಂದು ಎಂಬ ಅಂಕಿಯನ್ನಲ್ಲ. ಒಂದು ಜೀವಂತ ಚಾಪೆ ಒಳ್ಳೆಯ ಬೇರಿಂಗನ್ನೂ ಕೆಟ್ಟದ್ದನ್ನೂ ಬೇರ್ಪಡಿಸಬಲ್ಲುದು ಎಂದು ಅವಳು ಹೇಳಿದಳು. ಅವಳನ್ನು ಎಂದೂ ಕಾಣದ, ಅವಳ ಬಗ್ಗೆ ಯಾವ ಮಮತೆಯೂ ಇಲ್ಲದ ಪರೀಕ್ಷಕಿಯ ಕೈಯಲ್ಲಿ ಅದು ಬೇರ್ಪಡಿಸಿತೇ ಇಲ್ಲವೇ? ಕಳೆದ ವರ್ಷ ತೊಂಬತ್ತೊಂದು ಅಂಕ ಪಡೆದ ವಿದ್ಯಾರ್ಥಿನಿ ಈ ವರ್ಷ ತೊಂಬತ್ತೇಳು ಪಡೆದರೆ, ಕಳೆದ ವರ್ಷದ್ದು ನಕಲೆಂದು ತಾವು ತೀರ್ಮಾನಿಸುವಿರಾ?

ಏಳು ತಿಂಗಳ ನಂತರವೂ ಅದು ಅದೇ ಸೂಜಿಗಳಲ್ಲಿ ಅದೇ ತೊಂಬತ್ತೊಂದನ್ನು ಒಪ್ಪಿಸಿದ್ದರೆ, ಅಳತೆ ಬಲ್ಲವನಾಗಿ ನಾನು ಅನುಮಾನಿಸುತ್ತಿದ್ದೆ. ಜೀವವಿರುವುದು ಹಾಗೆ ಮಾಡುವುದಿಲ್ಲ.

ಅವಳ ಕಡೆಯಿಂದ ಒಂದು ಲೋಪ ನಿಜವಾಗಿಯೂ ಇದೆ. ಉಸಿರು ಹಿಡಿಯುವುದನ್ನು ಅವಳು ಬರೆಯಲಿಲ್ಲ. ಅದನ್ನು ಬರೆಯುವ ಅಗತ್ಯವೇ ಇಲ್ಲವೆಂಬಂತೆ ಕಲಿಸಿದವನು ನಾನು. ಆ ಲೋಪವನ್ನು ನನ್ನ ಹೆಸರಿನಲ್ಲಿ ದಾಖಲಿಸಬೇಕಾಗಿ ವಿನಂತಿ.

ನನ್ನ ಕಾಲದ ಚರ್ಚಾಸ್ಪರ್ಧೆಗಳಲ್ಲಿ ಚೀಟಿಯೆತ್ತಿ ಪರವೋ ವಿರೋಧವೋ ನಿರ್ಧರಿಸುತ್ತಿದ್ದರು. ಯಾವ ಪಕ್ಷ ಬಂದರೂ ನಾನು ಗೆಲ್ಲುತ್ತಿದ್ದೆ, ಯಾವುದನ್ನೂ ನಂಬುತ್ತಿರಲಿಲ್ಲ. ಇಂದು ಚೀಟಿಯೆತ್ತಿಲ್ಲ. ನನ್ನ ಲೇಖನವನ್ನು ಹಿಂತೆಗೆದುಕೊಂಡಿದ್ದೇನೆ, ಮತ್ತು ಅವಳ ಪರವಾಗಿ ಮಾತಾಡಿದ್ದೇನೆ. ಅವಳು ಕೇಳಿಸಿಕೊಳ್ಳಬಹುದಾದ ಕಾಲದಲ್ಲಿ ಇದನ್ನು ಮಾಡಬೇಕಿತ್ತೆಂಬುದು ಸಮಿತಿಯ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಪರಿವೀಕ್ಷಕ, ತೂಕ ಮತ್ತು ಅಳತೆ ಇಲಾಖೆ

&nbsp;

ಸೆಪ್ಟೆಂಬರ್ ೯

ಸರ್,

ಪ್ರಬಂಧ ತನ್ನ ಕಾಲ ಮೇಲೆ ನಿಂತಿತು. ನಾಲ್ಕಕ್ಕೆ ಒಂದು ಮತ. ಅವಳ ಹೆಸರಿನ ಮುಂದೆ ಯಾವ ಟಿಪ್ಪಣಿಯೂ ಇಲ್ಲ. ವಿಧಾನದ ಭಾಗಕ್ಕೆ ಒಂದು ಸಾಲು ಸೇರಿಸಬೇಕೆಂದು ಹೇಳಿದ್ದಾರೆ, ಸೇರಿಸಿದ್ದೇನೆ. ನಿಮ್ಮ ಹೇಳಿಕೆಯನ್ನು ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಸಿಕ್ಕಿಕೊಂಡ ಮುಳ್ಳಿನ ಮಾತು ಬಂದಾಗ ಆ ಗಡಿಯಾರದ ಹೆಂಗಸು ನಕ್ಕರು. ನಾನು ಸುಳ್ಳು ಹೇಳುತ್ತಿಲ್ಲ.

ಎರಡು ವಿಷಯ ಕೇಳಬೇಕು. ನಿಮ್ಮ ಲೇಖನದ ಉಲ್ಲೇಖವನ್ನು ಕಡತದಿಂದ ತೆಗೆದುಹಾಕಬಹುದು, ನೀವು ಒಂದು ಅರ್ಜಿ ಕೊಟ್ಟರೆ ಸಾಕು.

ಇನ್ನೊಂದು: ಚಾಪೆಯನ್ನು ಹಾಗೇ ಇಟ್ಟರೆ ಅದು ತಟ್ಟೆ ತುಂಬಿ ಮುದಿಯಾಗಿ ಸಾಯುತ್ತದೆ. ಕತ್ತರಿಸಿ ಹೊಸ ಹೊಟ್ಟಿಗೆ ಹಾಕಿದರೆ ಪ್ರತಿ ತುಂಡೂ ಮತ್ತೆ ಬೆಳೆಯುತ್ತದೆ, ಕಲಿತದ್ದರಲ್ಲಿ ಸ್ವಲ್ಪವನ್ನು ಉಳಿಸಿಕೊಂಡು. ಐದು ತುಂಡು ಮಾಡುತ್ತಿದ್ದೇವೆ. ಒಂದು ನಮಗೆ, ಮೂರು ಕೇಳಿದವರಿಗೆ. ಐದನೆಯದು ನಿಮಗೂ ಅಮ್ಮನಿಗೂ. ಗಾಜಿನ ಡಬ್ಬಿ, ವಾರಕ್ಕೊಂದು ಹಿಡಿ ಹೊಟ್ಟು, ಅಷ್ಟೇ. ಇದನ್ನು ನಾನೊಬ್ಬಳೇ ಯೋಚಿಸಿದ್ದಲ್ಲ, ಪ್ರಯೋಗಾಲಯದ ಎಲ್ಲರೂ ಸೇರಿ.

ಗುಬ್ಬಿ

&nbsp;

ಸೆಪ್ಟೆಂಬರ್ ೧೪

ಚಿರಂಜೀವಿ ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಕೆಳಗಿನ ಅಂಗಡಿಯಲ್ಲಿ ಯಾರೋ ಹೊಲಿಗೆ ಯಂತ್ರವೊಂದನ್ನು ಓಡಿಸಿ ನೋಡುತ್ತಿದ್ದರು. ಅದರ ಸದ್ದನ್ನು ನಾನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದೆ. ಅದರಲ್ಲಿ ಏನೇನು ಅಡಗಿದೆಯೋ, ನನಗೆ ಗೊತ್ತಾಗುವಂಥದ್ದಲ್ಲ.

ಲೇಖನದ ಉಲ್ಲೇಖವನ್ನು ತೆಗೆಸಬೇಡ. ಆಕ್ಷೇಪಣೆ ಬಂದಿತ್ತು, ಅದಕ್ಕೆ ಉತ್ತರವೂ ಸಂದಿತು ಎಂಬುದು ಮುಂದೆ ಕಡತ ತೆರೆಯುವವರಿಗೆ ಕಾಣಬೇಕು. ಅಳಿಸಿದ ಕಡತ ಯಾರನ್ನೂ ನಂಬಿಸುವುದಿಲ್ಲ.

ಐದನೆಯ ತುಂಡಿನ ವಿಚಾರ. ನನ್ನ ಹೆಂಡತಿ ಮೊದಲು ಬೇಕೆಂದಳು, ಕಪಾಟಿನಲ್ಲಿ ಜಾಗವನ್ನೂ ಗುರುತು ಮಾಡಿದಳು. ಆಮೇಲೆ ತಾನೇ ಹೇಳಿದಳು: “ಬೇಡ ಬಿಡಿ. ಇಲ್ಲಿಟ್ರೆ ನೀವು ದಿನಾ ಬೆಳಿಗ್ಗೆ ಅದರ ಎದುರು ಕೂತು ಕ್ಷಮೆ ಕೇಳ್ತೀರಿ. ಅದು ಕೆಲಸ ಮಾಡೋ ಪ್ರಾಣಿ, ಪಾಪ. ಕೆಲಸಕ್ಕೆ ಹೋಗ್ಲಿ.”

ನನಗೂ ಅದೇ ಸರಿಯೆನಿಸಿತು. ಸಮಿತಿಯಲ್ಲಿ ನಾಲ್ಕಕ್ಕೆ ಒಂದು ಎಂದು ಬರೆದಿದ್ದೀಯ. ಆ ಒಂದು ವಿರೋಧದ ಮತ ಹಾಕಿದವರಿಗೂ ಒಂದು ಪ್ರಯೋಗಾಲಯವಿರಬೇಕು. ಐದನೆಯ ತುಂಡನ್ನು ಅವರಿಗೆ ಕಳಿಸು. ಚೆನ್ನಾಗಿ ಪರೀಕ್ಷಿಸಲಿ, ಎಷ್ಟು ಕಟುವಾಗಿ ಬೇಕಾದರೂ ಪ್ರಶ್ನಿಸಲಿ. ಅದನ್ನು ಬೆಳೆಸಿದವಳೂ ಬೆಳೆದದ್ದು ಒಪ್ಪದವರ ಮನೆಯಲ್ಲೇ.

ಇಂತಿ,
ಅಪ್ಪ